ಬಾಗಿಲ ಹೊರಗಿನ ಕೆಮ್ಮು

ತುಂಗಭದ್ರೆಯ ದಡದಲ್ಲೊಂದು ಆಶ್ರಮ. ಅಲ್ಲಿಯ ಗುರುಗಳು ಪೂರ್ವಾಶ್ರಮದಲ್ಲಿ ಕ್ರಿಮಿನಲ್ ವಕೀಲರು. ಹಾಗಾಗಿ ಧ್ಯಾನದ ಜೊತೆಗೆ ಕೋರ್ಟಿನ ಥ್ರಿಲ್ಲರ್ ಕಾದಂಬರಿ ಬರೆಯುವುದನ್ನೂ ಕಲಿಸುತ್ತಿದ್ದರು.

ಇಬ್ಬರು ಶಿಷ್ಯರಿಗೆ ಅವರು ಒಂದೇ ಕೊಲೆ ಕೇಸು ಕೊಟ್ಟರು. ಚೆನ್ನಾಗಿ ಬಂದದ್ದನ್ನು ಮಾತ್ರ ಪ್ರಕಾಶಕರಿಗೆ ಕಳಿಸುತ್ತೇನೆ ಎಂದರು.

ಮಲ್ಲಿನಾಥ ಎಲ್ಲರ ಮನಸ್ಸಿನೊಳಗೂ ಹೊಕ್ಕು ಬರೆದ. ಜಡ್ಜು, ವಕೀಲ, ಕೊಲೆಗಾರ; ಒಂದು ಅಧ್ಯಾಯದಲ್ಲಿ ಹೆಣ ಕೂಡ. ಮೂರನೆಯ ಪುಟಕ್ಕೇ ಓದುಗನಿಗೆ ಎಲ್ಲವೂ ಗೊತ್ತಾಗುತ್ತಿತ್ತು.

ಕೊಟ್ರೇಶ ಬರೀ ಕೋರ್ಟಿನ ಜವಾನನ ಕಣ್ಣಿನಿಂದ ಬರೆದ. ಬಾಗಿಲಲ್ಲಿ ನಿಂತು ಸಾಕ್ಷಿಗಳ ಹೆಸರನ್ನು ಮೂರು ಸಲ ಕೂಗುವವನು. ಒಳಗಿನ ಮಾತು ಆ ಜವಾನನಿಗೆ ಅರ್ಧ ಮಾತ್ರ ಕೇಳುತ್ತಿತ್ತು.

ಕೊಟ್ರೇಶ ತನ್ನ ಕಾದಂಬರಿ ಓದಿದ ದಿನ ಕೇಳುತ್ತಾ ನಿಂತ ಅಡಿಗೆಯವರು ಸಾರು ಸೀಯಿಸಿದರು. ಮಲ್ಲಿನಾಥ ಓದಿದ ದಿನ ಸಾರು ಬಹಳ ರುಚಿಯಾಗಿತ್ತು.

ಮಲ್ಲಿನಾಥನಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಗುರುಗಳ ಬಳಿ ಹೋದ.

"ಗುರುಗಳೇ, ಆ ಜವಾನ ನನ್ನ ಕಲ್ಪನೆ. ಕೊಟ್ರೇಶ ಕದ್ದಿದ್ದಾನೆ. ಅವನದನ್ನು ಕಳಿಸಬಾರದು."

"ದೊಡ್ಡ ಆರೋಪ. ನಡೆದದ್ದನ್ನು ಹೇಳು. ಆದರೆ ಕೊಟ್ರೇಶನಾಗಿ ಹೇಳು. ಅವನು ಕಂಡದ್ದು ಮಾತ್ರ."

"ಇದು ಯಾವ ಕೋರ್ಟಿನ ಪದ್ಧತಿ?"

"ಈ ಕೋರ್ಟಿನದು."

ಮಲ್ಲಿನಾಥ ನೆಟ್ಟಗೆ ಕೂತ.

"ನಾನು ಕೊಟ್ರೇಶ. ದಿನಾ ಬರೆದ ಹಾಳೆಗಳನ್ನು ಚಾಪೆಯ ಮೇಲಿಟ್ಟು ಸ್ನಾನಕ್ಕೆ ಹೋಗುತ್ತೇನೆ. ಮರಳಿ ಬಂದಾಗ ನನ್ನ ಕೋಣೆಯಲ್ಲಿ ಮಲ್ಲಿನಾಥ ಇರುತ್ತಾನೆ."

"ಏನು ಮಾಡುತ್ತಿರುತ್ತಾನೆ?"

"ಪೆನ್ನು ಹುಡುಕುತ್ತಿರುತ್ತಾನೆ."

"ದಿನಾನೂ?"

"ದಿನಾನೂ. ಒಳಗೆ ಬರುವ ಮೊದಲು ನಾನು ಹೊರಗೇ ನಿಂತು ಕೆಮ್ಮುತ್ತೇನೆ."

"ನೆಗಡಿಯೇನು?"

"ಇಲ್ಲ."

"ಮತ್ತೆ ಕೆಮ್ಮುವುದೇಕೆ, ಕೊಟ್ರೇಶ?"

ಆ ಕೆಮ್ಮನ್ನು ಮಲ್ಲಿನಾಥ ತಿಂಗಳಿಡೀ ಕೇಳಿದ್ದ. ಕೆಮ್ಮುವವನ ಕಡೆಯಿಂದ ಕೇಳಿದ್ದು ಇದೇ ಮೊದಲು.

"ಅವನು ನನ್ನ ಹಾಳೆಗಳನ್ನು ಕೆಳಗಿಡಲಿ ಅಂತ," ಎಂದ. "ಅವನ ಮರ್ಯಾದೆ ಉಳಿಯಲಿ ಅಂತ."

ಮಲ್ಲಿನಾಥ ಎದ್ದು ನಿಂತ.

"ದೂರು ವಾಪಸ್, ಗುರುಗಳೇ. ಕೊಟ್ರೇಶನದನ್ನೇ ಕಳಿಸಿ."

"ಕಳಿಸೋಣ. ಈಗ ಮಾತಾಡಿದ್ದು ಯಾರು, ಅವನೋ ನೀನೋ?"