ರನ್ನಾವತಿಯಲ್ಲಿ ಇಲ್ಲದ್ದು

"ರನ್ನಾವತಿಯ ಅರಸಿ ಚೆಲುವಾಂಬೆಯವರ ಅಪ್ಪಣೆ, ಕೇಳಿರಯ್ಯಾ. ಅರಸಿಯವರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವನನ್ನು ವರಿಸುತ್ತಾರೆ, ನಗರದ ಪಾರುಪತ್ಯವನ್ನೂ ಒಪ್ಪಿಸುತ್ತಾರೆ. ಒಂದು ತಪ್ಪಿದರೂ ತಲೆದಂಡ. ಬಡವ ಬಲ್ಲಿದನೆಂಬ ಭೇದವಿಲ್ಲ."

ಡಂಗುರದವನು ರಾಜಬೀದಿಯ ಉದ್ದಕ್ಕೂ ಸಾರಿಕೊಂಡು ಹೋದ. ಕೇಳಿಸಿಕೊಳ್ಳಲು ಅಲ್ಲಿದ್ದವನು ಬೈಚನೊಬ್ಬನೇ. ತೊಗಲಿನ ಚೀಲದಿಂದ ನೀರು ಚಿಮುಕಿಸಿ ಬೀದಿಯ ಧೂಳು ಅಡಗಿಸುವುದು ಅವನ ಕೆಲಸ.

ರನ್ನಾವತಿಯಷ್ಟು ಚೆಂದದ ನಗರ ಸುತ್ತಿನ ಸೀಮೆಯಲ್ಲೇ ಇರಲಿಲ್ಲ. ಪಟ್ಟಕ್ಕೆ ಬಂದ ಹೊಸದರಲ್ಲಿ ಚೆಲುವಾಂಬೆ ಹಳೆಯ ಊರನ್ನು ಕೆಡವಿಸಿ, ನೂಲು ಹಿಡಿದಂತೆ ಬೀದಿಗಳನ್ನು ಮಾಡಿಸಿದ್ದಳು. ಬೀದಿಗಳು ಕೂಡುವಲ್ಲೆಲ್ಲ ಕಾರಂಜಿ, ಕಲ್ಲಿನ ಆನೆ. ಸಾಲಿಗೆ ಅಡ್ಡ ಬಂದ ಮರಗಳನ್ನು ಕಡಿಸಿದ್ದಾಯಿತು. ಅಂದ ಕೆಡಿಸುತ್ತವೆಂದು ಕುಂಬಾರರ, ನೇಕಾರರ, ಬಳೆಗಾರರ ಕೇರಿಗಳನ್ನು ಹೊಳೆಯಾಚೆಗೆ ಸಾಗಿಸಿದ್ದಾಯಿತು. ಬೈಚ ಬಳೆಗಾರರ ಕೇರಿಯವನು. ನೀರು ಹಾಕುವ ಕೆಲಸ ಸಿಕ್ಕಿತೆಂದು ಇಲ್ಲೇ ಉಳಿದ. ತಾಯಿ ಕೇರಿಯವರ ಜೊತೆ ಹೋದಳು. ಒಂದು ಮಳೆಗಾಲ ಹೊಳೆ ತುಂಬಿ ದೋಣಿ ನಿಂತಿದ್ದಾಗ ಅವಳು ತೀರಿಕೊಂಡಳು. ಅವನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು.

ಒಡ್ಡೋಲಗ ಅರಮನೆಯ ಅಂಗಳದಲ್ಲೇ ನೆರೆಯಿತು. ಬೈಚ ಅಂಗಳಕ್ಕೆ ನೀರು ಚಿಮುಕಿಸಿ ಕಂಬದ ಮರೆಯಲ್ಲಿ ನಿಂತ. ಮೊದಲು ಬಂದವನು ನೆರೆನಾಡಿನ ರಾಜಕುಮಾರ.

ಅರಸಿ ಹೇಳಿದಳು: "ಕುಮಾರರೇ, ನನ್ನ ನಗರದಲ್ಲಿ ಒಂದು ಉಂಟು. ಅದು ಉಳಿಯಲೆಂದು ಎಲ್ಲರೂ ತಮ್ಮ ಗೋಡೆಯನ್ನು ಹಿಂದೆ ಸರಿಸಿದರು. ಅದು ಯಾರ ಮನೆಯೂ ಅಲ್ಲ, ಅದಿಲ್ಲದೆ ಯಾರೂ ಮನೆ ಸೇರಲಾರರು. ಎರಡನೆಯದು ಹಿಂದೆ ಇತ್ತು, ಈಗಿಲ್ಲ. ಹಗಲು ನೆಲದ ಮೇಲೆ ಹಾಸಿರುತ್ತದೆ, ಮಡಿಸಿ ಎತ್ತಿಡಲಾಗದು. ಅದಕ್ಕಾಗಿ ಬೆವರಿದವನು ಅಜ್ಜ, ಅದರಲ್ಲಿ ಕೂರುವವನು ಮೊಮ್ಮಗ. ಮೂರನೆಯದನ್ನು ನನ್ನ ಬೊಕ್ಕಸದಿಂದ ಕೊಳ್ಳಲಾಗದು. ಇಬ್ಬರು ಆಡಿದರೆ ಬೆಳೆಯುತ್ತದೆ. ಒಬ್ಬನೇ ಆಡಿದರೆ ಹುಚ್ಚೆನ್ನುತ್ತಾರೆ."

ರಾಜಕುಮಾರ ಮೀಸೆ ನೀವಿಕೊಂಡು, "ಬಯಲು, ಬಿಸಿಲು, ಪ್ರೀತಿ" ಎಂದ.

"ಒಬ್ಬರೇ ಪ್ರೀತಿಸಿದರೆ ಅದನ್ನು ದುಃಖವೆನ್ನುತ್ತಾರೆ, ಹುಚ್ಚೆನ್ನುವುದಿಲ್ಲ" ಎಂದಳು ಅರಸಿ. ಭಟರು ಅವನನ್ನು ಸೆರೆಮನೆಗೆ ಒಯ್ದರು.

ಆಮೇಲೆ ಬಂದವನು ರತ್ನದ ವ್ಯಾಪಾರಿಯ ಮಗ. ಅದೇ ಮೂರು ಒಗಟುಗಳಿಗೆ ಅವನು, "ಕೋಟೆಯ ಬಾಗಿಲು, ಹುಲ್ಲುಗಾವಲು, ಪಗಡೆಯಾಟ" ಎಂದ.

"ಪಗಡೆಯ ಹಾಸು ನನ್ನ ಬೊಕ್ಕಸದಲ್ಲೇ ಇದೆ" ಎಂದಳು. ಭಟರು ಅವನನ್ನೂ ಒಯ್ದರು. ಅಮಾವಾಸ್ಯೆಗೆ ಇಬ್ಬರ ತಲೆಯೂ ಉರುಳಲಿತ್ತು.

ಮತ್ತೆ ಯಾರೂ ಮುಂದೆ ಬರಲಿಲ್ಲ. ಬೈಚನಿಗೆ ಉತ್ತರ ತಿಳಿದಿತ್ತು. ತಾನು ಸತ್ತರೆ ಅಳುವವರಿಲ್ಲ ಎಂದುಕೊಂಡ. ಅದು ಧೈರ್ಯವೇನಲ್ಲ, ಆದರೂ ಅದೇ ಅವನನ್ನು ಮುಂದಕ್ಕೆ ನಡೆಸಿತು.

"ತಾಯೀ, ನಾನು ಹೇಳಬಹುದಾ?"

ಸಭೆಯಲ್ಲಿ ಯಾರೋ ನಕ್ಕರು. ಅರಸಿ ನಗಲಿಲ್ಲ. "ಹೇಳು" ಎಂದಳು.

"ಮೊದಲನೆಯದು ಬೀದಿ. ಪ್ರತಿಯೊಬ್ಬರೂ ಒಂದಿಷ್ಟು ನೆಲ ಬಿಟ್ಟುಕೊಟ್ಟಿದ್ದಕ್ಕೇ ಅದು ಬೀದಿಯಾಯಿತು. ಎರಡನೆಯದು ಮರದ ನೆರಳು. ಅಜ್ಜ ನೆಟ್ಟು ನೀರೆರೆಯುತ್ತಾನೆ, ಅದು ಹರಡುವ ಹೊತ್ತಿಗೆ ಅವನಿರುವುದಿಲ್ಲ."

"ಮೂರನೆಯದು?"

"ಮಾತು, ತಾಯೀ. ಕೆಲಸ ಮುಗಿಸಿ ಗುಡಿಸಲಿಗೆ ಹೋದರೆ ನಾನು ಗೋಡೆಯ ಜೊತೆ ಆಡುತ್ತೇನೆ. ಇವತ್ತು ಬಿಸಿಲು ಜಾಸ್ತಿ ಅನ್ನುತ್ತೇನೆ, ಹೌದು ಅಂತ ನಾನೇ ಅನ್ನುತ್ತೇನೆ. ಒಮ್ಮೆ ಕಾವಲಿನವನು ಕೇಳಿಸಿಕೊಂಡು, ಇವನಿಗೆ ಹುಚ್ಚು ಹಿಡಿದಿದೆ ಅಂದ."

ಅರಸಿ ಮೆಲ್ಲಗೆ, "ನಾನು ಕನ್ನಡಿಯ ಜೊತೆ ಆಡುತ್ತೇನೆ" ಎಂದಳು. "ಮೂರೂ ಸರಿ. ನಗರ ಚೆಂದವಾಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಉಪ್ಪರಿಗೆಯಿಂದ ನೋಡಿದರೆ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ಏನು ಕಡಿಮೆಯಾಗಿದೆ ಎಂದು ಬಾಯಿಬಿಟ್ಟು ಹೇಳುವ ಒಬ್ಬ ಬೇಕಾಗಿತ್ತು."

"ತಪ್ಪು ಹೇಳಿದರೆ ತಲೆ ಹೋಗುತ್ತದೆ ಅಂದರೆ ಯಾರು ಹೇಳುತ್ತಾರೆ, ತಾಯೀ?"

ಅರಸಿ ಸೆರೆಯಲ್ಲಿದ್ದ ಇಬ್ಬರನ್ನೂ ಆಗಲೇ ಬಿಡಿಸಿದಳು. ಪಾರುಪತ್ಯದ ಮುದ್ರೆಯುಂಗುರವನ್ನು ಬೈಚನ ಕೈಗಿತ್ತಳು. ಮದುವೆಯ ಮಾತು ಬಂದಾಗ ಬೈಚ, "ಮೊದಲು ಹೊಳೆಯಾಚೆಯವರನ್ನು ಮರಳಿ ಬರುತ್ತೀರಾ ಎಂದು ಕೇಳೋಣ" ಎಂದ.

ಕೇಳಲು ಅವನೇ ದೋಣಿ ಹತ್ತಿ ಹೋದ. ಬಳೆಗಾರರಲ್ಲಿ ಅರ್ಧ ಜನ ಬಂದರು. ಉಳಿದವರು, "ಒಮ್ಮೆ ಕಿತ್ತು ನೆಟ್ಟದ್ದಾಯಿತಪ್ಪ, ಮತ್ತೆ ಕೀಳಬೇಡ" ಎಂದರು. ಬೈಚ ಬಲವಂತ ಮಾಡಲಿಲ್ಲ, ಅವರಿಗೆ ಹೊಳೆಗೊಂದು ಸೇತುವೆ ಕಟ್ಟಿಸಲು ಅಪ್ಪಣೆ ಮಾಡಿದ. ತಾಯಿಯನ್ನು ಮಣ್ಣು ಮಾಡಿದ ಗುಡ್ಡೆಯ ಬಳಿ ಸ್ವಲ್ಪ ಹೊತ್ತು ಕೂತಿದ್ದು ಹಿಂತಿರುಗಿದ.

ನೇರ ಬೀದಿಗಳು ನೇರವಾಗಿಯೇ ಉಳಿದವು. ಇಕ್ಕೆಲಗಳಲ್ಲಿ ಹೊಂಗೆ, ಬೇವು ನೆಡಿಸಿದ. ಹೊಗೆ ಮನೆಗಳತ್ತ ಬೀಸದ ಕಡೆ ಮರಳಿ ಬಂದ ಕುಂಬಾರರ ಮಡಕೆ ಸುಡುವ ಆವಿಗೆಗೆ ಜಾಗ ಕೊಟ್ಟ. ಬೀದಿ ಕೂಡುವಲ್ಲೆಲ್ಲ ಕೂರಲು ಕಟ್ಟೆ ಕಟ್ಟಿಸಿದ.

ಒಂದು ಮಧ್ಯಾಹ್ನ ಅವನು ಅಂಥದೊಂದು ಕಟ್ಟೆಯ ಮೇಲೆ ಕೂತಿದ್ದ. ಹೊಂಗೆ ಇನ್ನೂ ಮೊಳಕಾಲೆತ್ತರ. ಚೆಲುವಾಂಬೆ ಪಲ್ಲಕ್ಕಿಯಿಲ್ಲದೆ ನಡೆದು ಬಂದು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಳು.

"ಇಲ್ಲಿ ಕೂತವರು ಏನು ಮಾತಾಡುತ್ತಾರೆ?" ಎಂದು ಕೇಳಿದಳು.

"ಊಟ ಆಯಿತಾ ಅಂತ ಶುರು ಮಾಡುತ್ತಾರೆ. ಆಮೇಲೆ ತಾನಾಗಿ ಬರುತ್ತದೆ."

ಅವಳು ಅವನತ್ತ ತಿರುಗಿ, "ಊಟ ಆಯಿತಾ?" ಎಂದಳು.

"ಇನ್ನೂ ಇಲ್ಲ. ತಮ್ಮದು?"

"ನನ್ನದೂ ಇಲ್ಲ."

ಬಿಸಿಲಿಗೆ ಕಲ್ಲು ಕಾಯುತ್ತಿತ್ತು. ಇಬ್ಬರೂ ಏಳಲಿಲ್ಲ. ಮದುವೆಯಾದದ್ದು ಮುಂದಿನ ಮಾಘದಲ್ಲಿ.