ಮರಿಸಿದ್ದ ಹಲ್ಲಿನ ಸಂದಿ ಕ್ಲೀನು ಮಾಡಿದ್ದು

ಬನ್ರಪ್ಪಾ, ಕೂತ್ಕೊಳ್ಳಿ. ಹಲ್ಲಿರೋರು ಬಾಯಿ ಬಿಟ್ಟು ನಗಿ, ಇಲ್ದಿರೋರು ಕೈ ಅಡ್ಡ ಇಟ್ಕೊಂಡು ನಗಿ. ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಹುಳಿಯಾರಲ್ಲಿ ಬಸ್ ಸ್ಟ್ಯಾಂಡಿನ ಪಕ್ಕ ಕೆಂಪಾಜಮ್ಮ ಅಂತ ಒಬ್ಬಳು ಹೂ ಮಾರೋಳು. ಅವಳಿಗೊಬ್ಬನೇ ಮಗ, ಮರಿಸಿದ್ದ. ಎತ್ತರಕ್ಕೆ ಬೆಳೆದಿದ್ದ, ಅಗಲಕ್ಕೂ ಬೆಳೆದಿದ್ದ. ಬುದ್ಧಿ ಮಾತ್ರ ತೊಟ್ಟಿಲಲ್ಲೇ ಮಲಗಿತ್ತು. ಹೇಳಿದ್ದನ್ನ ಮಾಡ್ತಿದ್ದ. ಹೇಳಿದ್ದನ್ನೇ ಮಾಡ್ತಿದ್ದ. ಅದೇ ಅವಳಿಗಿದ್ದ ಕಷ್ಟ.

"ಬಾಗಿಲು ನೋಡ್ಕೋ ಕಣ್ಲಾ" ಅಂದು ಸಂತೆಗೆ ಹೋದ್ರೆ, ಕಳ್ಳ ಬಂದು ಪಾತ್ರೆ ಹೊತ್ಕೊಂಡು ಹೋಗೋವಾಗ್ಲೂ ಇವನು ಬಾಗಿಲನ್ನೇ ನೋಡ್ತಾ ಕೂತಿದ್ದ. ಕೇಳಿದ್ರೆ, "ಬಾಗಿಲು ಎಲ್ಲೂ ಹೋಗಿಲ್ಲ ಕಣವ್ವಾ!"

ಅದಿರ್ಲಿ, ಮದುವೆ ವಯಸ್ಸು ಬಂತು. ಮುಂದಿನ ಹಲ್ಲು ನೋಡಿದ್ರೆ, ಬಾಯಿ ಮುಚ್ಚಿದ್ರೂ ಎರಡು ಹೊರಗೇ ಕೂತಿರ್ತಿದ್ವು. ಹೆಣ್ಣಿನ ಕಡೆಯೋರು ಬರೋರು, ಹಲ್ಲು ನೋಡೋರು, ಕಾಫಿ ಕುಡಿಯೋರು, ಹೋಗೋರು. ಕೆಂಪಾಜಮ್ಮ ಅತ್ತಳು, ಕರೆದಳು, ಕೊನೆಗೆ ಅಂದ್ಲು: "ಬುದ್ಧಿ ನೆಟ್ಟಗೆ ಮಾಡೋ ಡಾಕ್ಟ್ರು ಹುಟ್ಟಿಲ್ಲ. ಹಲ್ಲಾದ್ರೂ ನೆಟ್ಟಗೆ ಮಾಡ್ಸೋಣ ನಡಿ."

ಊರಿಗೆ ಹಲ್ಲಿನ ಡಾಕ್ಟ್ರಮ್ಮ ಒಬ್ರು ಬಂದಿದ್ರು. ಬಹಳ ತಾಳ್ಮೆಯೋರು. ಆಮೇಲೆ ಆ ತಾಳ್ಮೆ ಏನಾಯ್ತು ಅಂತ ನೀವೇ ನೋಡ್ತೀರಿ. ಅವ್ರು ಒಂದೊಂದು ಹಲ್ಲಿಗೂ ಒಂದೊಂದು ಕ್ಲಿಪ್ಪು ಅಂಟಿಸಿದ್ರು, ಅಡ್ಡಕ್ಕೆ ತಂತಿ ಎಳೆದ್ರು, ಬುದ್ಧಿ ಹೇಳಿದ್ರು.

"ನೋಡಪ್ಪಾ, ಇನ್ಮೇಲೆ ಸಂದೀಲಿ ಅನ್ನ, ಸೊಪ್ಪು ಎಲ್ಲಾ ಸಿಕ್ಕೊಳ್ಳುತ್ತೆ. ಹಾಗೇ ಬಿಟ್ರೆ ಕೊಳೆತು ವಾಸನೆ ಬರುತ್ತೆ. ಉಂಡ ತಕ್ಷಣ ಸಂದಿ ಕ್ಲೀನು ಮಾಡ್ಬಿಡು."

"ಆಗ್ಲಿ ಡಾಕ್ಟ್ರಮ್ಮಾ!" ಅಂದ ಮರಿಸಿದ್ದ.

ಅವರ ಮನೆ ಪಕ್ಕದಲ್ಲಿ ಒಂದು ಸಂದಿ ಇತ್ತು. ನಿಜ ಹೇಳ್ಬೇಕಂದ್ರೆ ಅಲ್ಲೂ ಅನ್ನ ಬಿದ್ದಿರ್ತಿತ್ತು, ಸೊಪ್ಪು ಬಿದ್ದಿರ್ತಿತ್ತು, ಕೊಳೆತು ವಾಸನೆ ಬರ್ತಿತ್ತು. ಡಾಕ್ಟ್ರಮ್ಮನಿಗೆ ನಮ್ಮ ಸಂದಿ ಹೆಂಗೆ ಗೊತ್ತಾಯ್ತು ಅಂತ ಮರಿಸಿದ್ದನಿಗೆ ಆಶ್ಚರ್ಯ! ಬೆಳಿಗ್ಗೆ ಉಂಡ, ಪೊರಕೆ ತಗೊಂಡ, ಸಂದಿ ಗುಡಿಸಿದ. ಮಧ್ಯಾಹ್ನ ಉಂಡ, ಗುಡಿಸಿದ. ರಾತ್ರಿ ಉಂಡ, ಗುಡಿಸಿದ. ಬೀದಿಯವರಿಗೆ ಬಲು ಖುಷಿ. "ಕೆಂಪಾಜಮ್ಮ, ಯಾರೇ ನಿನ್ನ ಮಗನ್ನ ದಡ್ಡ ಅಂದೋರು!" ಅಂತ ಬಾಗಿಲಿಗೆ ಬಂದು ಹೊಗಳಿದ್ರು. ಅವನು "ಹೆಹೆ" ಅಂತ ಬಾಯಿ ಬಿಟ್ಟ. ಹೊಗಳೋಕೆ ಬಂದೋರು ಮೂಗು ಮುಚ್ಕೊಂಡು ಹೊರಟುಹೋದ್ರು. ಸಂದಿ ಘಮಘಮ, ಬಾಯಿ ಗಬ್ಬು!

ವಸಡು ಊದಿ ಕೆಂಪಗಾಯ್ತು. ತಾಯಿ ಎಳ್ಕೊಂಡು ಹೋದ್ಲು.

"ಏನಪ್ಪಾ ಇದು! ಸಂದಿ ಕ್ಲೀನೇ ಮಾಡಿಲ್ವಾ?"

"ದಿನಾ ಮೂರು ಹೊತ್ತೂ ಮಾಡಿದೀನಿ ಡಾಕ್ಟ್ರಮ್ಮಾ!"

"ಯಾವುದ್ರಲ್ಲಿ ಮಾಡ್ದೆ?"

"ಮೊದ್ಲು ಪೊರಕೇಲಿ. ಮೂಲೇಲಿ ಬರ್ಲಿಲ್ಲ ಅಂತ ಆಮೇಲೆ ಸಲಿಕೇಲಿ."

"ಸಲಿಕೇಲಾ!" ಡಾಕ್ಟ್ರಮ್ಮ ಕೈಲಿದ್ದ ಕನ್ನಡಿ ಕೆಳಗಿಟ್ರು.

"ಹೂಂ, ಮೋರಿ ಹತ್ರ ಬಾಳ ಕಟ್ಕೊಂಡಿತ್ತು."

ಕೆಂಪಾಜಮ್ಮ ತಲೆ ಚಚ್ಕೊಂಡ್ಲು. "ಲೇ ಮಂಕೇ! ಬೀದಿ ಸಂದಿ ಅಲ್ಲ ಕಣ್ಲಾ, ಹಲ್ಲಿನ ಸಂದಿ! ನಿನ್ನ ಬಾಯೊಳಗಿನ ಸಂದಿ!"

"ಹಂಗಂತ ಹೇಳ್ಬೇಕು ತಾನೆ ಕಣವ್ವಾ!"

ಡಾಕ್ಟ್ರಮ್ಮ ಒಂದು ಉಂಡೆ ದಾರ ಕೊಟ್ರು, ದಾರ ಪೋಣಿಸೋಕೆ ಮೆತ್ತನೆ ಸೂಜಿ ಕೊಟ್ರು. "ದಾರಾನ ತಂತಿ ಕೆಳಗೆ ತೂರಿಸಿ, ಒಂದೊಂದು ಸಂದೀಗೂ ಹಾಕ್ಬೇಕು. ಒಂದೂ ಬಿಡಬಾರ್ದು." ಕೆಂಪಾಜಮ್ಮ ತಾನೂ ಒಂದು ಮಾತು ಸೇರಿಸಿದ್ಲು. ಸೇರಿಸಬಾರದಿತ್ತು. "ನಾನು ಹೂ ಕಟ್ತೀನಲ್ಲ, ಹಂಗೆ ನಾಜೂಕಾಗಿ ಕಣ್ಲಾ!"

ಮಾರನೆ ದಿನ ಅವಳು ಮೊಗ್ಗಿನ ಬುಟ್ಟಿ ಮುಂದಿಟ್ಕೊಂಡು ಕೂತ್ಲು, ಇವನು ಕನ್ನಡಿ ಮುಂದಿಟ್ಕೊಂಡು ಕೂತ. ಅವಳೊಂದು ಗಂಟು, ಇವನೊಂದು ಗಂಟು. ಮೇಲಿನ ಹಲ್ಲು ಕೆಳಗಿನ ಹಲ್ಲು ಜೋಡಿ ಮಾಡಿ, ಎರಡು ಮೊಗ್ಗು ಆ ಕಡೆ ಎರಡು ಮೊಗ್ಗು ಈ ಕಡೆ ಇಡೋ ಹಾಗೆ, ಬಿಗಿಯಾಗಿ, ನಾಜೂಕಾಗಿ, ಈ ದವಡೆಯಿಂದ ಆ ದವಡೆವರೆಗೂ ಕಟ್ಟಿದ.

"ಉಣ್ಣೋಕೆ ಬಾರ್ಲಾ!"

"ಉಂ."

"ಏನ್ಲಾ ಹಂಗಂದ್ರೆ?"

"ಉಂ ಉಂ!"

"ಅಯ್ಯಯ್ಯೋ, ನನ್ನ ಮಗನಿಗೆ ಬಾಯಿ ಬಿದ್ದೋಯ್ತು, ಯಾರಾದ್ರೂ ಬನ್ರಪ್ಪೋ!"

ಬೀದಿಯೋರು ಬಂದ್ರು. ಒಬ್ರು ಲಕ್ವ ಅಂದ್ರು, ಒಬ್ರು ಗಾಳಿ ಅಂದ್ರು. ಎಲ್ರೂ ಸೇರಿ ಎಳ್ಕೊಂಡು ಹೋದಾಗ ಡಾಕ್ಟ್ರಮ್ಮ ಮಾತ್ರ ಟಾರ್ಚು ಬಿಟ್ಟು ನೋಡಿ ಕತ್ತರಿ ತಗೊಂಡ್ರು. ಗಂಟು ಒಂದೊಂದೇ ಕತ್ತರಿಸೋಕೆ ಮಧ್ಯಾಹ್ನ ಹೋಗಿ ಸಂಜೆ ಆಯ್ತು.

"ಹೇಳ್ದಂಗೆ ಮಾಡ್ದೆ ಕಣವ್ವಾ!" ಬಾಯಿ ಬಿಡಿಸಿದ ಕೂಡ್ಲೇ ಬಂದ ಮೊದಲ್ನೇ ಮಾತು ಅದೇ.

"ಹಾಕಿದ್ದನ್ನ ತೆಗೀಬೇಕಪ್ಪಾ!" ಡಾಕ್ಟ್ರಮ್ಮನ ದನಿ ಅವತ್ತು ಮೊದಲ ಸಲ ಮೇಲೆ ಹೋಯ್ತು. "ಬಾಯಿಗೆ ಏನೇ ಹಾಕಿದ್ರೂ ಹೊರಗೆ ತೆಗೆದುಬಿಡು! ಒಳಗೆ ಬಿಡ್ಬೇಡ!"

"ಆಗ್ಲಿ ಡಾಕ್ಟ್ರಮ್ಮಾ!"

ಆ ವಾರ ಎದುರು ಮನೇಲಿ ನಾಮಕರಣ. ಎಲೆ ಹಾಕಿದ್ರು, ಒಬ್ಬಟ್ಟು ಬಡಿಸಿದ್ರು. ಮರಿಸಿದ್ದ ಒಬ್ಬಟ್ಟು ಬಾಯಿಗೆ ಹಾಕ್ದ, ಹೊರಗೆ ತೆಗ್ದ, ಎಲೆ ತುದೀಲಿ ಇಟ್ಟ. ಕೋಸಂಬರಿ ಹಾಕ್ದ, ತೆಗ್ದ, ಇಟ್ಟ. ಪಲ್ಯ ಹಾಕ್ದ, ತೆಗ್ದ, ಇಟ್ಟ. ಅಡುಗೆ ಮಾಡಿದ್ದ ಮನೆಯಾಕೆ ಸೌಟು ಹಿಡ್ಕೊಂಡು ನಿಂತಳು. "ಅಷ್ಟು ಕೆಟ್ಟದಾಗಿದ್ಯೇನಪ್ಪಾ?"

"ಇಲ್ಲಕ್ಕಾ, ಬಾಳ ಚೆನ್ನಾಗೈತೆ!" ಅಂದು ಪಾಯಸವನ್ನೂ ತೆಗ್ದ.

ಪಕ್ಕದೆಲೆಯೋರು ಎದ್ದುಹೋದ್ರು. ಅವರ ಪಕ್ಕದೋರೂ ಎದ್ರು. ಕೆಂಪಾಜಮ್ಮ ಮುಖ ಎಲ್ಲಿ ಮುಚ್ಕೊಳ್ಳಲಿ ಅಂತ ಗೊತ್ತಾಗದೆ ಮಗನ ಕಿವಿ ಹಿಡ್ಕೊಂಡು ಮನೆಗೆ ತಂದ್ಲು. "ಬಾಯಿಗೆ ಹಾಕಿದ್ದನ್ನ ನುಂಗ್ಬೇಕು ಕಣ್ಲಾ! ಇನ್ನೊಂದ್ಸಲ ಹೊರಗೆ ತೆಗೆದ್ರೆ ಕಾಲು ಮುರೀತೀನಿ! ಏನೇ ಆಗ್ಲಿ, ನುಂಗು!"

"ಆಗ್ಲಿ ಕಣವ್ವಾ!"

ಇವನಿಗೆ ದಾರ ಆಗಿಬರಲ್ಲ ಅಂತ ಡಾಕ್ಟ್ರಮ್ಮ ನೀರು ಚಿಮ್ಮೋ ಸಣ್ಣ ಮಿಷಿನ್ನು ಕೊಟ್ಟು ಕಳಿಸಿದ್ರು. ಡಬ್ಬಿಗೆ ನೀರು ತುಂಬಿ ಗುಂಡಿ ಒತ್ತಿದ್ರೆ ಸಂದೀಗೆಲ್ಲ ಪಿಚಕಾರಿ ಹೊಡೆದಂಗೆ ಹೊಡೆಯುತ್ತೆ. ಮರಿಸಿದ್ದ ಒತ್ತಿದ. ನೀರು ಬಂತು, ನುಂಗಿದ. ಇನ್ನಷ್ಟು ಬಂತು, ನುಂಗಿದ. ಡಬ್ಬಿ ಖಾಲಿ ಆಯ್ತು, ತುಂಬಿದ, ನುಂಗಿದ. ಮನೇಲಿದ್ದ ಬಿಂದಿಗೆ ಖಾಲಿ ಆಗೋ ಹೊತ್ತಿಗೆ ಹೊಟ್ಟೆ ತಮಟೆ ಆಗಿ, ನೆಲದ ಮೇಲೆ ಅಂಗಾತ ಬಿದ್ಕೊಂಡಿದ್ದ.

"ಇನ್ನು ಒಂದು ಗುಟುಕೂ ಹಿಡಿಯಲ್ಲ ಕಣವ್ವಾ, ಕಾಲು ಮುರೀಬ್ಯಾಡ!"

ಡಾಕ್ಟ್ರಮ್ಮ ಮನೆಗೇ ಓಡಿ ಬಂದ್ರು. "ನೀರು ಕುಡಿಯೋಕೆ ಕೊಟ್ಟಿದ್ದಲ್ಲಪ್ಪಾ ಅದು! ಉಗೀಬೇಕು! ಬಾಯಲ್ಲಿ ನೀರು ಬಂದ ತಕ್ಷಣ ಉಗೀಬೇಕು! ಗೊತ್ತಾಯ್ತಾ?"

ಗೊತ್ತಾಯ್ತು. ಸಂಜೆ ಬಸ್ ಸ್ಟ್ಯಾಂಡಲ್ಲಿ ನಾಗೇಂದ್ರಣ್ಣ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ಎತ್ತುತ್ತಿದ್ದ. ಘಮ್ ಅಂತ ವಾಸನೆ ಬಂತು. ಮರಿಸಿದ್ದನ ಬಾಯಲ್ಲಿ ನೀರು ಬಂತು. ಥೂ! ಇನ್ನೊಂದು ಬಾಣಲೆ ಎತ್ತಿದ, ಇನ್ನಷ್ಟು ನೀರು ಬಂತು. ಥೂ! ಬಜ್ಜಿಗೆ ನಿಂತಿದ್ದ ಜನ ಎಲ್ಲ ಚದುರಿದ್ರು. "ನನ್ನ ಬಜ್ಜಿ ನೋಡಿ ಉಗೀತೀಯೇನೋ!" ಅಂತ ನಾಗೇಂದ್ರಣ್ಣ ಜಾಲರಿ ಎತ್ಕೊಂಡು ಬಂದ. "ಬಾಳ ಚೆನ್ನಾಗೈತೆ ಅದಕ್ಕೇ ಉಗಿದೆ ಕಣಣ್ಣೋ!" ಅಂತ ಇವನು ಓಡಿದ.

ಕೆಂಪಾಜಮ್ಮ ಸೋತುಹೋದ್ಲು. ಅವತ್ತು ಬೈಯ್ಯೋಕೂ ಶಕ್ತಿ ಇರ್ಲಿಲ್ಲ. ಅದ್ರ ಮೇಲೆ ಭಾನುವಾರ ಚಿಕ್ಕನಾಯಕನಹಳ್ಳಿಗೆ ಹೆಣ್ಣು ನೋಡೋಕೆ ಹೋಗೋದಿತ್ತು. ಹಲ್ಲು ಅಷ್ಟಿಷ್ಟು ಒಳಗೆ ಹೋಗಿತ್ತು, ಬಾಯಿ ಮುಚ್ಚಿದ್ರೆ ಮುಚ್ತಿತ್ತು. ಇದೊಂದು ಸಂಬಂಧ ತಪ್ಪಿದ್ರೆ ಇನ್ನಿಲ್ಲ ಅನ್ನೋ ಭಯ ಅವಳಿಗೆ. ಶನಿವಾರ ಮಗನ್ನ ಡಾಕ್ಟ್ರಮ್ಮನ ಮುಂದೆ ಕೂರಿಸಿ ಕೈ ಮುಗಿದ್ಲು. "ನಾಳೆ ಒಂದು ದಿನ ವಾಸನೆ ಬರದಂಗೆ ಏನಾದ್ರೂ ಮಾಡ್ರಮ್ಮಾ."

ಡಾಕ್ಟ್ರಮ್ಮ ತಾವೇ ಬಾಯಿ ತೊಳೆದು, ಉಜ್ಜಿ, ಕನ್ನಡಿ ತೋರಿಸಿದ್ರು. ಆಮೇಲೆ ಮೇಜಿನ ಮೇಲೆ ಹಲ್ಲಿನ ಸಂದೀಗೆ ಹಾಕೋ ಬೆರಳುದ್ದದ ಸಣ್ಣ ಸಣ್ಣ ಬ್ರಷ್ಷು ಹರಡಿದ್ರು. ಒಂದೊಂದೇ ಎತ್ತಿ ತೋರಿಸ್ತಾ ನಿಧಾನಕ್ಕೆ ಹೇಳಿದ್ರು.

"ಇನ್ಮೇಲೆ ನಿಂಗೆ ಇದೇ ಸರಿ. ಆದ್ರೆ ನೋಡಿ ಆರಿಸ್ಬೇಕು. ತಲೆ ಬಗ್ಗಿರೋದನ್ನ ತಗೋಬೇಡ. ಬಲವಂತವಾಗಿ ತುರುಕ್ಬೇಡ. ಸಲೀಸಾಗಿ ಒಳಗೆ ಬರ್ಬೇಕು. ಒಂದೇ ಸೈಜು ಸಾಲಲ್ಲ, ಮುಂದಕ್ಕೆ ತೆಳ್ಳಗಿರೋದು, ಹಿಂದಕ್ಕೆ ಒಂದು ದಪ್ಪಗಿರೋದು. ಕೂದಲು ಉದುರೋಕೆ ಶುರುವಾದ್ರೆ ಬಿಸಾಕಿ ಹೊಸದು ತಗೋ."

ಮರಿಸಿದ್ದ ಬಾಯಿಪಾಠ ಮಾಡ್ಕೊಂಡ. ದಾರಿಯಲ್ಲಿ ತಾಯಿ ಅಂದ್ಲು: "ನಾಳೆ ನಿನ್ನ ಬುದ್ಧಿ ಓಡಿಸ್ಬ್ಯಾಡ ನನ್ನಪ್ಪಾ. ಆರಿಸೋ ವಿಷಯದಲ್ಲಿ ಡಾಕ್ಟ್ರಮ್ಮ ಹೇಳ್ದಂಗೇ ಮಾಡು." ಬ್ರಷ್ಷಿನ ಮಾತು ಅದು. ಆದ್ರೆ ಬ್ರಷ್ಷು ಅಂತ ಹೇಳೋದು ಅವಳಿಗೆ ಮರೆತುಹೋಯ್ತು.

ಭಾನುವಾರ. ಹೆಣ್ಣಿನ ತಂದೆ ಗಂಗಣ್ಣ, ನುಣ್ಣನೆ ತಲೆ, ದೊಡ್ಡ ದನಿ. ಚಾಪೆ ಹಾಸಿದ್ರು, ಕೇಸರಿಬಾತು ಕೊಟ್ರು. ಹುಡುಗಿ ಜಯಶೀಲಾ ಬಂದು ಕೂತ್ಲು. ಹುಡುಗಿ ತಾಯಿ ಒಳಗೇ ಚಿವುಟಿ, "ತಲೆ ಎತ್ತಿದ್ರೆ ನೋಡು" ಅಂತ ಹೇಳಿ ಕಳಿಸಿದ್ಲು. ಹಾಗಾಗಿ ನೆಲ ನೋಡ್ತಾ ಕೂತಿದ್ಲು.

"ಏನಪ್ಪಾ ಮರಿಸಿದ್ದ, ಆರಿಸೋದು ನಿಂಗೆ ಬಿಟ್ಟಿದ್ದು. ಧೈರ್ಯವಾಗಿ ಹೇಳು!" ಅಂದ ಗಂಗಣ್ಣ.

ಆರಿಸೋದು! ಮರಿಸಿದ್ದ ನೆಟ್ಟಗೆ ಕೂತ. "ತಲೆ ಬಗ್ಗಿರೋದು ಬ್ಯಾಡ."

ಕೆಂಪಾಜಮ್ಮ ಕೇಸರಿಬಾತು ಕೆಳಗಿಟ್ಟು ಮಗನ ಅಂಗಿ ಜಗ್ಗಿದ್ಲು. ಜಯಶೀಲಾ ಮೆಲ್ಲಗೆ ತಲೆ ಎತ್ತಿದ್ಲು, ಅವನನ್ನೇ ನೋಡಿದ್ಲು. "ಈಗ?"

"ಈಗ ನೆಟ್ಟಗೈತೆ."

ಅವಳಿಗೆ ನಗು ಬಂತು. ಗಂಗಣ್ಣನಿಗೂ ನಗು ಬಂತು. "ಭಲೇ! ಇನ್ನೇನಪ್ಪಾ?"

"ಬಲವಂತ ಮಾಡ್ಬಾರ್ದು. ಸಲೀಸಾಗಿ ಒಳಗೆ ಬಂದ್ರೇ ಸರಿ."

ಜಯಶೀಲಾ ನಗು ನಿಲ್ಲಿಸಿದ್ಲು. "ಅಪ್ಪಾ, ಇಲ್ಲಿವರೆಗೆ ಎಷ್ಟು ಜನ ಬಂದ್ರು. ಹಾಡು ಬರುತ್ತಾ, ಮುದ್ದೆ ತಿರುವೋಕೆ ಬರುತ್ತಾ ಅಂದ್ರು. ನಿನ್ನ ತಲೆ ಎತ್ತು, ನಿಂಗೆ ಇಷ್ಟ ಇದ್ರೆ ಬಾ ಅಂತ ಯಾರೂ ಅನ್ನಲಿಲ್ಲ. ನಂಗೆ ಒಪ್ಪಿಗೆ."

ಕೆಂಪಾಜಮ್ಮನ ಕಣ್ಣಲ್ಲಿ ನೀರು ದಳದಳ ಇಳೀತು. ನನ್ನ ಮಗ ದಡ್ಡ ಅಲ್ಲ, ನಾನೇ ದಡ್ಡಿ ಅಂದ್ಕೊಂಡ್ಲು. ಮನೆಯಾಕೆ ಎಲೆ ಅಡಿಕೆ ತಟ್ಟೆ ತಂದ್ಲು. ಗಂಗಣ್ಣ ತಟ್ಟೆ ಎತ್ತಿ ಇನ್ನೇನು ಮರಿಸಿದ್ದನ ಕೈಗೆ ಕೊಡಬೇಕು. ಹೆತ್ತ ಕರುಳು ನೋಡಿ, ಒಂದು ಮಾತು ಕೇಳಿಬಿಟ್ಟ.

"ಕೊನೇವರೆಗೂ ನನ್ನ ಮಗಳನ್ನ ಚೆನ್ನಾಗಿ ಇಟ್ಕೋತೀಯಾ ತಾನೆ?"

"ಕೊನೇವರ್ಗಾ?" ಮರಿಸಿದ್ದ ಜೋರಾಗಿ ತಲೆ ಅಲ್ಲಾಡಿಸಿದ. "ಇಲ್ಲಿಲ್ಲ! ಕೂದಲು ಉದುರೋ ತನಕ. ಆಮೇಲೆ ಬಿಸಾಕಿ ಹೊಸದು ತಗೋತೀನಿ!"

ಹೆಣ್ಣಿನ ತಾಯಿ ಕೈ ತನ್ನ ತುರುಬಿಗೆ ಹೋಯ್ತು. ಗಂಗಣ್ಣನ ಕೈ ತನ್ನ ನುಣ್ಣನೆ ತಲೆಗೆ ಹೋಯ್ತು. ಜಯಶೀಲಾ ಎದ್ದು ನಿಂತ್ಲು. ಅವನ ಮುಂದಿದ್ದ ಕೇಸರಿಬಾತಿನ ತಟ್ಟೆ ಎತ್ಕೊಂಡು ಒಳಗೆ ಹೋಗೇಬಿಟ್ಲು.

"ಬಾಯಿ ಮುಚ್ಲಾ!" ಅಂತ ಕೆಂಪಾಜಮ್ಮ ಅವನ ಬಾಯಿಗೆ ಕೈ ಅಡ್ಡ ಇಟ್ಲು. ಅವನು ಕೈ ಸರಿಸಿ, ಒಳಕ್ಕೆ ಹೋಗ್ತಿದ್ದ ಹುಡುಗಿ ಬೆನ್ನಿಗೆ ಕೇಳೋ ಹಾಗೆ ಕೂಗಿದ:

"ಇನ್ನೊಂದು ಐತೆ ಮಾವಾ! ಇದು ಮುಂದಕ್ಕಾಯ್ತು. ಹಿಂದಕ್ಕೆ ಒಂದು ದಪ್ಪಗಿರೋದು ತೋರ್ಸಿ!"