ಉಕ್ಕಿನ ಪಟ್ಟಿಯ ಉಪಚಾರ

ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ನೀಲಗಂಗವ್ವ ಜಾರಿ ಬಿದ್ದು ಮುಂಗೈಯ ಎರಡೂ ಮೂಳೆ ಮುರಿದುಕೊಂಡಳು. ವೈದ್ಯರು ಒಂದು ಮೂಳೆಗೆ ಉಕ್ಕಿನ ಪಟ್ಟಿ ಬಿಗಿದರು, ಇನ್ನೊಂದಕ್ಕೆ ಮೈಯೊಳಗೇ ಮೆಲ್ಲಗೆ ಕರಗಿಹೋಗುವ ಪಾಲಿಮರ್ ಪಟ್ಟಿ ಹಾಕಿದರು.

ಕೆಲವು ತಿಂಗಳಾದ ಮೇಲೆ ಉಕ್ಕು ಕೇಳಿತು: “ಏನಯ್ಯಾ, ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದೀಯಲ್ಲ, ಏನು ಕಾಯಿಲೆ?”

“ಕಾಯಿಲೆಯಲ್ಲ. ನನ್ನ ಮೂಳೆ ದಿನಕ್ಕಿಷ್ಟು ಭಾರ ತಾನೇ ಹೊರುತ್ತಿದೆ. ಅದಕ್ಕೆ ಪೂರ್ತಿ ಬಲ ಬಂದ ಮೇಲೆ ನಾನು ಇರುವುದಿಲ್ಲ,” ಎಂದಿತು ಪಾಲಿಮರ್.

“ಜವಾಬ್ದಾರಿಯಿಲ್ಲದವನು ನೀನು! ನನ್ನನ್ನು ನೋಡು. ಒಂದು ರೊಟ್ಟಿಯ ಪೆಟ್ಟೂ ನನ್ನ ಮೂಳೆಗೆ ತಾಗಲು ಬಿಟ್ಟಿಲ್ಲ. ಎಲ್ಲವನ್ನೂ ನಾನೇ ಹೊತ್ತು, ಅದನ್ನು ಮಹಾರಾಣಿಯ ಹಾಗೆ ಮಲಗಿಸಿದ್ದೇನೆ.”

ಎರಡು ವರ್ಷದಲ್ಲಿ ಪಾಲಿಮರ್ ಹೇಳಹೆಸರಿಲ್ಲದಂತೆ ಕರಗಿತು. ಅದರ ಮೂಳೆ ಗಟ್ಟಿಯಾಗಿ ರೊಟ್ಟಿ ಬಡಿಯುತ್ತಿತ್ತು. ಉಕ್ಕಿನಡಿಯ ಮೂಳೆ ಮಾತ್ರ ಕೆಲಸವಿಲ್ಲದೆ ಸೊರಗಿ ಹಪ್ಪಳದಂತಾಗಿತ್ತು. ಎಕ್ಸ್‌ರೇ ನೋಡಿದ ವೈದ್ಯರು, ಇನ್ನಾದರೂ ಮೂಳೆ ತಾನೇ ಭಾರ ಹೊತ್ತು ಬಲಿಯಲೆಂದು ಮತ್ತೆ ಕೈ ಕೊಯ್ದು ಉಕ್ಕನ್ನು ಹೊರತೆಗೆದರು.

ತಟ್ಟೆಗೆ ಬಿದ್ದ ಉಕ್ಕು ಕೂಗಿಕೊಂಡಿತು: “ನೋಡಿದಿರಾ! ನಾನಿಲ್ಲದೆ ಅದು ಒಂದು ದಿನವೂ ನಿಲ್ಲಲಾರದು!”

ಒಳಗಿನಿಂದ ಮೂಳೆ ಸಣ್ಣ ದನಿಯಲ್ಲಿ ಹೇಳಿತು: “ಒಂದು ದಿನವಾದರೂ ನಿಲ್ಲಲು ಬಿಟ್ಟಿದ್ದೆಯಾ, ಮಹಾರಾಯ?”